ನಾಲ್ಕನೆಯ ಪ್ರಶ್ನೆ

“ಏಳಬೇಡಿ” ಎನ್ನುವುದು ಅಧಿಕಾರಿಯ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಮುದುಕ ಎದ್ದು ನಿಂತೇಬಿಟ್ಟ.

ಕುರ್ಚಿಯ ಕೈ ಹಿಡಿಯಲಿಲ್ಲ, ಮೊಣಕಾಲಿಗೆ ಕೈ ಊರಲಿಲ್ಲ. ಮನೆಗೆ ಬಂದ ಅಧಿಕಾರಿಗೆ ಮರ್ಯಾದೆ ತೋರಿಸಲು ಎದ್ದ, ಅಷ್ಟೆ. ಕಪ್ಪು ಕೋಟು ತೊಟ್ಟಿದ್ದ. ಗಡ್ಡ ಹೆರೆದುಕೊಂಡಿದ್ದ, ಗಲ್ಲದ ಕೆಳಗೆ ಬ್ಲೇಡು ತಾಗಿದಲ್ಲಿ ಪೇಪರಿನ ಚೂರು ಅಂಟಿಸಿಕೊಂಡಿದ್ದ. ಹಿಂದೆ ಬಾಗಿಲಿಗೊರಗಿ ನಿಂತಿದ್ದ ಮಗಳ ಮುಖ ಸಣ್ಣಗಾಯಿತು.

ಅಧಿಕಾರಿ ಏಳನೆಯ ಪ್ರಶ್ನೆಯ ಮುಂದೆ ಸೊನ್ನೆ ಹಾಕಿದ.

ಹನ್ನೊಂದು ವರ್ಷದಿಂದ ಅವನು ಮಾಡುತ್ತಿದ್ದುದು ಇದನ್ನೇ. ವಯಸ್ಸಾದವರನ್ನು ನೋಡಿಕೊಳ್ಳುವುದು ಮನೆಯವರ ಕೈಲಾಗದಾಗ ವೃದ್ಧರ ನಿಲಯದ ಖರ್ಚನ್ನು ಸರ್ಕಾರ ಕೊಡಬೇಕೇ ಬೇಡವೇ ಎಂದು ತೀರ್ಮಾನಿಸಲು ಒಂದು ಫಾರಂ ಇತ್ತು. ಹದಿನೆಂಟು ಪ್ರಶ್ನೆ, ನೂರು ಅಂಕ. ಕೈಲಾಗದ ಒಂದೊಂದು ಕೆಲಸಕ್ಕೆ ಇಷ್ಟಿಷ್ಟು ಅಂಕ. ಅರವತ್ತು ಬಂದರೆ ಸರ್ಕಾರ ಕೊಡುತ್ತದೆ, ಐವತ್ತೊಂಬತ್ತಾದರೆ ಮನೆಯವರೇ ನೋಡಿಕೊಳ್ಳಬೇಕು. ಫೇಲಾದವರಷ್ಟೇ ಪಾಸಾಗುವ ಈ ಪರೀಕ್ಷೆ ಮುದುಕರ ತಲೆಗೆ ಹೋಗುತ್ತಲೇ ಇರಲಿಲ್ಲ. ಎದುರಿಗೆ ಯಾರಾದರೂ ಪೆನ್ನು ಹಿಡಿದು ಕೂತರೆ ಚೆನ್ನಾಗಿ ಮಾಡಿ ತೋರಿಸಬೇಕು ಎಂದು ಸ್ಕೂಲಿನಲ್ಲಿ ಕಲಿತದ್ದು ಮೈಯಲ್ಲಿ ಉಳಿದುಬಿಟ್ಟಿತ್ತು. ತಿಂಗಳುಗಟ್ಟಲೆ ಹಾಸಿಗೆ ಬಿಡದವರು ಅವನು ಬರುವ ದಿನ ತಲೆ ಬಾಚಿಕೊಂಡು ಎದ್ದು ಕೂರುತ್ತಿದ್ದರು. ಅವನನ್ನು ಮಾರ್ಕು ಸಾಹೇಬರು ಎಂದು ಕರೆಯುತ್ತಿದ್ದರು.

“ಇವತ್ತು ತಾರೀಖು ಎಷ್ಟು?”

“ಹದಿನಾಲ್ಕು, ಗುರುವಾರ. ಟೈಮು ಹತ್ತೂ ಇಪ್ಪತ್ತೆರಡು.” ಮುದುಕ ಗೋಡೆಯ ಗಡಿಯಾರದತ್ತ ನೋಡದೆಯೇ ಹೇಳಿದ. “ನಲವತ್ತು ವರ್ಷ ರೈಲಲ್ಲಿ ಗಾರ್ಡ್ ಆಗಿದ್ದವನು ಸಾರ್ ನಾನು.”

ಇನ್ನು ನಾಲ್ಕನೆಯ ಪ್ರಶ್ನೆಯೊಂದು ಉಳಿದಿತ್ತು. ಅದನ್ನು ಅವನು ಯಾವಾಗಲೂ ಕೊನೆಗೆ ಇಟ್ಟುಕೊಳ್ಳುತ್ತಿದ್ದ. ಚೀಲದಿಂದ ಗುಂಡಿ ಬಟ್ಟೆ ತೆಗೆದ. ಗೇಣುದ್ದದ ಎರಡು ನೀಲಿ ತುಂಡುಗಳು. ಒಂದಕ್ಕೆ ಐದು ಗುಂಡಿ, ಇನ್ನೊಂದಕ್ಕೆ ಐದು ಕಾಜ, ಎಂದರೆ ಗುಂಡಿ ತೂರಿಸುವ ಸೀಳುಗಳು. ಎರಡು ನಿಮಿಷದಲ್ಲಿ ಹಾಕಿ ಮುಗಿಸಬೇಕು. ಮುದುಕ ನಲವತ್ತು ಸೆಕೆಂಡಿನಲ್ಲಿ ಮುಗಿಸಿ, ಎರಡೂ ಕೈಯಿಂದ ವಾಪಸು ಕೊಟ್ಟ. ಆಮೇಲೆ ಅಧಿಕಾರಿಯ ಎದೆಯ ಕಡೆ ಬೆರಳು ಮಾಡಿದ.

“ಸಾರ್, ನಿಮ್ಮ...”

“ಏನು?”

“ಏನಿಲ್ಲ ಬಿಡಿ.”

ಕತ್ತಿಗೆ ನೇತುಹಾಕಿಕೊಂಡಿದ್ದ ಗುರುತಿನ ಚೀಟಿ ತಿರುವುಮುರುವಾಗಿದೆಯೇನೋ ಎಂದು ಅಧಿಕಾರಿ ಅದನ್ನು ಸರಿಮಾಡಿಕೊಂಡ. ಬೆಳಗಿನಿಂದ ಶರ್ಟಿನ ಕಾಲರಿನ ಒಂದು ಮಗ್ಗುಲು ಕತ್ತಿಗೆ ಉಜ್ಜುತ್ತಿತ್ತು. ಹೊಸ ಸೋಪು ಇರಬೇಕು ಅಂದುಕೊಂಡು ಎದ್ದ.

ಮಗಳು ಮೆಟ್ಟಿಲ ಮೇಲೆ ಬೆನ್ನು ಹತ್ತಿ ಬಂದಳು.

“ಸಾರ್, ಮೊನ್ನೆ ಬಟ್ಟೆ ಬೀರುವಿನೊಳಗೆ ಒಂದಕ್ಕೆ ಮಾಡಿದ್ರು. ಭಾನುವಾರ ನನ್ನನ್ನೇ ಟಿಕೆಟ್ಟಿಲ್ಲದೆ ಹತ್ತಿದವಳು ಅಂತ ಹೊರಗೆ ತಳ್ಳಿ ಚಿಲಕ ಹಾಕ್ಕೊಂಡ್ರು. ಮೂರು ಗಂಟೆ ಇದೇ ಮೆಟ್ಟಿಲ ಮೇಲೆ ಕೂತಿದ್ದೆ.”

“ಹೂಂ.”

“ಇವತ್ತು ನೀವು ಬರ್ತೀರ ಅಂತ ಬೆಳಗ್ಗೆ ಐದರಿಂದ ತಾರೀಖು ಬಾಯಿಪಾಠ ಮಾಡಿದ್ದಾರೆ ಸಾರ್.”

“ನಾನು ನೋಡಿದ್ದನ್ನ ಬರೀಬೇಕಮ್ಮ.”

“ನೀವು ನೋಡದೇ ಇರೋದು?”

“ಅದಕ್ಕೆ ಕಾಲಂ ಇಲ್ಲ.”

ಅವಳು ಅಳಲಿಲ್ಲ. ಅಳುತ್ತಾಳೆ ಎಂದು ಅವನು ಎರಡು ಕ್ಷಣ ಕಾದ. ಅಳುವವರನ್ನು ದಾಟಿ ಹೋಗುವುದು ಅವನಿಗೆ ರೂಢಿಯಾಗಿತ್ತು. ಅವಳು ಸುಮ್ಮನೆ ಅವನ ಎದೆಯನ್ನೇ ನೋಡುತ್ತಾ ನಿಂತಳು. ಅವನು ಮತ್ತೆ ಗುರುತಿನ ಚೀಟಿ ಮುಟ್ಟಿನೋಡಿಕೊಂಡು ಇಳಿದುಹೋದ. ಬಸ್‌ಸ್ಟಾಪಿನಲ್ಲಿ ಕೂಡಿ ನೋಡಿದ. ನಲವತ್ತೊಂದು.

“ಆ ದಿನ, ಆ ಹೊತ್ತಿನಲ್ಲಿ, ಎದುರಿಗೆ ಕಂಡದ್ದನ್ನು ಮಾತ್ರ ಬರೆಯತಕ್ಕದ್ದು.” ಇಲಾಖೆಯ ಕೈಪಿಡಿಯ ಈ ಸಾಲು ಅವನದೇ. ಅದಕ್ಕೆ ಮೇಲಿನವರು ಬೆನ್ನು ತಟ್ಟಿದ್ದರು. ಶಿಫಾರಸು, ಕಣ್ಣೀರು, ಸುಳ್ಳು ಎಲ್ಲಕ್ಕೂ ಒಂದೇ ಏಟಿಗೆ ಬಾಗಿಲು ಹಾಕಿದ್ದ. ಅದಕ್ಕೂ ಮುಂಚೆ, ಯೂನಿವರ್ಸಿಟಿಯಲ್ಲಿದ್ದಾಗ, ಮನುಷ್ಯನ ಘನತೆಯ ಬಗ್ಗೆ ನಾನೂರು ಪುಟದ ಪ್ರಬಂಧ ಬರೆದಿದ್ದ. ಅದನ್ನು ಟೈಪು ಮಾಡಿದವನೂ ಪೂರ್ತಿ ಓದಿರಲಿಕ್ಕಿಲ್ಲ. ಈ ಒಂದು ಸಾಲನ್ನು ಮಾತ್ರ ಸಾವಿರಾರು ಮನೆಗಳು ಬಲ್ಲವು.

ಫೋನು ಬಡಿದುಕೊಂಡಿತು. ಹೆಂಡತಿ. ಅವಳು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸದಲ್ಲಿದ್ದಳು. ಬೆಳಗ್ಗೆ ಆರಕ್ಕೆ ಡ್ಯೂಟಿಗೆ ಹೊರಡುವಾಗ ಬಾಗಿಲ ಆಚೆಯಿಂದ ಅವನ ತಾಯಿಯ ಇವತ್ತಿನ ಪರೀಕ್ಷೆಯ ವಿಷಯವೇ ಮಾತಾಡುತ್ತಾ ಹೋಗಿದ್ದಳು. ಅವನು ಕತ್ತಲೆಯಲ್ಲೇ ಶರ್ಟು ತೊಡುತ್ತಾ ಹೂಂಗುಟ್ಟಿದ್ದ.

“ಮೂರು ಗಂಟೆಗೆ ಅಲ್ವೇನ್ರೀ?”

“ಹೌದು.”

“ಅತ್ತೆಗೆ ಹೇಳಿದ್ದೀರಾ?”

“ಏನಂತ?”

“ಏನೂ ಮಾಡಿ ತೋರಿಸಬೇಡಿ ಅಂತ.”

“ಹೇಳಿದ್ರೆ ನೆನಪಿರುತ್ತಾ?”

“ರೀ,” ಎಂದಳು. ಹಿಂದೆ ಯಾವುದೋ ಯಂತ್ರ ಗಿರಗಿರ ತಿರುಗುತ್ತಿತ್ತು. “ಅವರು ವಾಪಸ್ ಬಂದ್ರೆ ನಾನು ಆ ಮನೇಲಿ ಇರಲ್ಲ. ಕೋಪದಲ್ಲಿ ಹೇಳ್ತಿಲ್ಲ. ನನ್ನ ಕೈಲಿ ಇನ್ನು ಆಗಲ್ಲ.”

ಅವನು ಕೋಪ ಮಾಡಿಕೊಳ್ಳಲಿಲ್ಲ. ಮಾಡಿಕೊಳ್ಳುವ ಹಕ್ಕಿರಲಿಲ್ಲ. ಎರಡು ವರ್ಷ ಅವನ ತಾಯಿಗೆ ಸ್ನಾನ ಮಾಡಿಸಿದವಳು ಅವಳು, ಹೊತ್ತು ಮುಳುಗುವಾಗ ಒಳಲಂಗದಲ್ಲೇ ರಸ್ತೆಗಿಳಿದ ಅತ್ತೆಯನ್ನು ಐದು ಸಲ ಹಿಡಿದು ತಂದವಳು ಅವಳು. ಮಣಿಕಟ್ಟಿನ ಮೇಲೆ ಅತ್ತೆಯ ಹಲ್ಲಿನ ಗುರುತಿತ್ತು; ಅದರ ಮೇಲೆ ವಾಚು ಕಟ್ಟುತ್ತಿದ್ದಳು. ಆ ಎರಡು ವರ್ಷ ಅವನು ಊರಿನ ಮುದುಕರಿಗೆಲ್ಲ ಅಂಕ ಕೊಡುತ್ತಾ ತಿರುಗಿದ್ದ.

ತಾಯಿ ನಿಲಯ ಸೇರಿ ಮೂರು ವರ್ಷವಾಗಿತ್ತು. ಪ್ರತಿ ವರ್ಷ ಮರುಪರೀಕ್ಷೆ. ಮೊದಲ ಸಲ ಎಂಬತ್ತು ಬಂದಿತ್ತು, ಹೋದ ವರ್ಷ ಅರವತ್ತೊಂಬತ್ತು. ನಿಲಯದವರು ಚೆನ್ನಾಗಿ ನೋಡಿಕೊಂಡಿದ್ದೇ ತಪ್ಪಾಗಿತ್ತು. ಹೊತ್ತಿಗೆ ಸರಿಯಾಗಿ ಊಟ, ಮಾತ್ರೆ, ಕಾರಿಡಾರಿನಲ್ಲಿ ನಡಿಗೆ. ಅಮ್ಮನ ಕೆನ್ನೆ ತುಂಬಿಕೊಂಡಿತ್ತು, ಕಾಲು ಗಟ್ಟಿಯಾಗಿತ್ತು. ತಲೆ ಮಾತ್ರ ಎಲ್ಲಿತ್ತೋ ಅಲ್ಲೇ. ಈ ಸಲ ಅರವತ್ತಕ್ಕಿಂತ ಕೆಳಗಿಳಿದರೆ ಸರ್ಕಾರ ಕೈಬಿಡುತ್ತದೆ, ಮೂವತ್ತು ದಿನದಲ್ಲಿ ಮಂಚ ಖಾಲಿ ಮಾಡಬೇಕು. ಆ ಮಂಚಕ್ಕೆ ಕಾಯುವವರ ಪಟ್ಟಿ ಅವನ ಮೇಜಿನ ಮೇಲೇ ಇತ್ತು.

ಕಾಲಿನದು ಹೇಗೋ ಆಗುತ್ತದೆ. ಅವನ ಹೆದರಿಕೆಯೆಲ್ಲ ನಾಲ್ಕನೆಯ ಪ್ರಶ್ನೆಯದು. ಅಮ್ಮ ಮೂವತ್ತು ವರ್ಷ ಸ್ಕೂಲು ಮಕ್ಕಳ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಕಾಜ ಕಟ್ಟಿ ಗುಂಡಿ ಹಾಕುವ ಮೇಜಿನಲ್ಲಿದ್ದವಳು. ಅಪ್ಪ ಇಲ್ಲದ ಮನೆಯಲ್ಲಿ ಅವನ ಓದು, ಆ ನಾನೂರು ಪುಟ, ಎಲ್ಲವೂ ಅವಳ ಬೆರಳ ತುದಿಯಿಂದ ಬಂದದ್ದು. ಹೋದ ವರ್ಷ ಅವಳ ಬಲಗೈಗೆ ಪೆಟ್ಟಾಗಿ ಬ್ಯಾಂಡೇಜಿತ್ತು, ಬಚಾವಾಗಿದ್ದ.

ಅವನು ಎರಡಕ್ಕೆ ಹತ್ತು ನಿಮಿಷವಿರುವಾಗಲೇ ನಿಲಯ ತಲುಪಿದ. ಕಾರಿಡಾರಿನಲ್ಲಿ ನರ್ಸು ದೊಡ್ಡಕ್ಕ ಮಾತ್ರೆಯ ಗಾಡಿ ತಳ್ಳುತ್ತಾ ಬಂದಳು. ಆಳುಗಳಿಂದ ಹಿಡಿದು ಡಾಕ್ಟರವರೆಗೆ ಎಲ್ಲರಿಗೂ ಅವಳು ದೊಡ್ಡಕ್ಕನೇ.

“ಏನ್ ಸಾರ್, ಇವತ್ತು ಡ್ಯೂಟಿನೋ, ಅಮ್ಮನ್ನ ನೋಡೋಕೋ?”

“ಅಮ್ಮಂದು ಸಂಜೆ ಮಾತ್ರೆ ಇದೆಯಲ್ಲ,” ಎಂದ. ಧ್ವನಿ ತಾನಾಗಿಯೇ ತಗ್ಗಿತು. “ಅದನ್ನ ಇವತ್ತು ಎರಡಕ್ಕೇ ಕೊಡಬಹುದಾ?”

“ಎರಡಕ್ಕೆ ಕೊಟ್ರೆ ಮೂರಕ್ಕೆ ತೂಕಡಿಸ್ತಾರೆ.”

“ಹೌದು.”

ದೊಡ್ಡಕ್ಕ ಗಾಡಿ ನಿಲ್ಲಿಸಿದಳು. “ಎಲ್ಲರ ಮಕ್ಕಳೂ ಕೇಳ್ತಾರೆ ಸಾರ್. ನೀವೂ ಕೇಳ್ತೀರ ಅಂತ ಅಂದ್ಕೊಂಡಿರಲಿಲ್ಲ.”

“ಎಲ್ಲರೂ ಅಂದ್ರೆ? ನಾನು ಪರೀಕ್ಷೆಗೆ ಬರುವಾಗಲೂ?”

“ನೀವು ಬರೋ ದಿನ ಇಡೀ ವಾರ್ಡು ಮಲಗಿರುತ್ತೆ ಸಾರ್,” ಎಂದು ದೊಡ್ಡಕ್ಕ ನಕ್ಕಳು. ಅದರಲ್ಲಿ ಕೊಂಕಿರಲಿಲ್ಲ. “ನಮಗೂ ಅವತ್ತು ಸ್ವಲ್ಪ ಬಿಡುವು.”

ಹನ್ನೊಂದು ವರ್ಷ ಅವನು ಅಂಕ ಕೊಟ್ಟದ್ದು ಮಾತ್ರೆಗಳಿಗೆ. ಇಲ್ಲಿ ಒಳಗಿದ್ದವರಿಗೆ ದೊಡ್ಡಕ್ಕ ಇದ್ದಳು. ಹೊರಗಿದ್ದವರು, ಮಾತ್ರೆಯ ಗುಟ್ಟು ಗೊತ್ತಿಲ್ಲದವರು, ಕೋಟು ಹಾಕಿಕೊಂಡು ಎದ್ದು ನಿಂತು ಸೊನ್ನೆ ತೆಗೆದುಕೊಂಡರು. ನಗಬೇಕು ಅನ್ನಿಸಿತು. ನಗುವ ಬದಲು ಕೈ ಚಾಚಿದ. ದೊಡ್ಡಕ್ಕ ಅಂಗೈಯಲ್ಲಿ ಬಿಳಿ ಮಾತ್ರೆ ಇಟ್ಟಳು.

ಅಮ್ಮ ಕಿಟಕಿಯ ಪಕ್ಕದ ಮರದ ಕುರ್ಚಿಯಲ್ಲಿ ಕೂತಿದ್ದಳು. ಅವನು ಚೀಲವನ್ನು ಎದೆಗೆ ಅಡ್ಡ ಹಾಕಿಕೊಂಡೇ ಪಕ್ಕದಲ್ಲಿ ಕೂತ. ಎದುರಿಗೆ ಕೂರುವುದನ್ನು ಅವನು ಬಿಟ್ಟು ಬಹಳ ದಿನವಾಗಿತ್ತು. ಎದುರಿಗೆ ಕೂತರೆ ಅವಳು ಪರಕೀಯರನ್ನು ನೋಡುವಂತೆ ನೋಡುತ್ತಿದ್ದಳು.

“ಗುಂಡಿ ಬಂತಾ ಮೇಸ್ತ್ರಿ?” ಎಂದಳು, ಕಿಟಕಿಯ ಕಡೆಗೇ ಮುಖ ಮಾಡಿ. ಪಕ್ಕದಲ್ಲಿ ಕೂತರೆ ಅವನು ಅವಳಿಗೆ ಕಾರ್ಖಾನೆಯ ಮೇಸ್ತ್ರಿ.

“ನಾಳೆ ಬರುತ್ತೆ.”

“ನಿನ್ನೇನೂ ಹಾಗೇ ಅಂದ್ರಿ.”

“ಅಮ್ಮ, ನೋಡು. ಈಗ ಒಬ್ಬಳು ಹುಡುಗಿ ಬರ್ತಾಳೆ. ಒಂದು ಬಟ್ಟೆ ಕೊಡ್ತಾಳೆ. ಅದನ್ನ ಮುಟ್ಟಬೇಡ.”

“ಬಟ್ಟೆ ಕೊಟ್ರೆ ಮಾಡದೇ ಇರೋಕಾಗುತ್ತಾ?”

ಅವನು ಮಾತ್ರೆ ಬಾಯಿಯ ಹತ್ತಿರ ಹಿಡಿದ. ಅವಳು ಏನು ಎತ್ತ ಎಂದು ಕೇಳದೆ ಬಾಯಿ ತೆರೆದಳು. ನೀರು ಕುಡಿಸಿದ. ಗಲ್ಲದ ಮೇಲೆ ಇಳಿದ ನೀರನ್ನು ತನ್ನ ಕರವಸ್ತ್ರದಿಂದ ಒರೆಸಿದ. ಹೊರಗಿನಿಂದ ಯಾರಾದರೂ ನೋಡಿದ್ದರೆ ಎಂಥ ಮಗ ಎಂದು ಹೊಗಳುತ್ತಿದ್ದರು. ಅವನಿಗೆ ನಾಚಿಕೆಯಾಯಿತು. ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಮಲಗಬೇಕು ಅನ್ನಿಸುವಂಥ ನಾಚಿಕೆ.

ಮೂರಕ್ಕೆ ಸರಿಯಾಗಿ ಹೊಸಬಳು ಬಂದಳು. ಆಫೀಸಿಗೆ ಸೇರಿ ನಾಲ್ಕು ವರ್ಷವಾಗಿದ್ದರೂ ಅವಳ ಹೆಸರು ಹೊಸಬಳು ಎಂದೇ ಉಳಿದಿತ್ತು. ಸ್ವಂತ ಸಂಬಂಧಿಕರಿಗೆ ತಾನೇ ಅಂಕ ಕೊಡುವಂತಿಲ್ಲವಾದ್ದರಿಂದ ಈ ಫೈಲು ಅವಳಿಗೆ ಹೋಗಿತ್ತು. ಅವಳಿಗೆ ಕೆಲಸ ಕಲಿಸಿದವನು ಅವನೇ. ಮುಖ ನೋಡಬೇಡ, ಕೈ ನೋಡು. ಮುಖ ಕರುಣೆ ಕೇಳುತ್ತೆ, ಕೈಗೆ ಸುಳ್ಳು ಹೇಳೋಕೆ ಬರಲ್ಲ ಎಂದು ಮೊದಲ ದಿನವೇ ಹೇಳಿಕೊಟ್ಟಿದ್ದ. ಅವಳು ಅದನ್ನು ಡೈರಿಯಲ್ಲಿ ಬರೆದುಕೊಂಡಿದ್ದಳು.

“ಸಾರ್, ನೀವು...” ಎಂದು ಬಾಗಿಲಲ್ಲೇ ಅನುಮಾನಿಸಿದಳು.

“ಗೊತ್ತು. ಹೊರಗಿರ್ತೀನಿ.”

ಮನೆಯವರು ಹೊರಗಿರತಕ್ಕದ್ದು. ಅದೂ ಅವನದೇ ಸಾಲು. ಕಾರಿಡಾರಿನ ಬೆಂಚಿನ ಮೇಲೆ ಚೀಲ ತೆಗೆದಿಟ್ಟು, ಬಾಗಿಲ ಗಾಜಿನಲ್ಲಿ ಇಣುಕಿ ನಿಂತ.

ಮಾತ್ರೆ ಕೈಕೊಡಲಿಲ್ಲ. ಅಮ್ಮನ ತಲೆ ಎದೆಯ ಮೇಲೆ ಬೀಳುತ್ತಿತ್ತು. ಹೊಸಬಳು ತಾರೀಖು ಕೇಳಿದಳು. ಅಮ್ಮ ಕಣ್ಣು ತೆರೆದು ಮುಚ್ಚಿದಳು. ಏಳಲು ಹೇಳಿದಳು, ಅಮ್ಮ ಕುರ್ಚಿಯ ಕೈಯನ್ನು ಸವರಿ ಸುಮ್ಮನಾದಳು. ಹೊಸಬಳು ಗಾಜಿನ ಕಡೆ ಬೆರಳು ಮಾಡಿ, ಅಲ್ಲಿ ನಿಂತಿರೋರು ಯಾರು ಎಂದು ಕೇಳಿದ್ದು ಅವನಿಗೆ ಕಾಣಿಸಿತು. ಅಮ್ಮನ ತುಟಿ ಅಲ್ಲಾಡಿತು. ಮೇಸ್ತ್ರಿ. ಹನ್ನೊಂದನೆಯ ಪ್ರಶ್ನೆ, ಮಕ್ಕಳ ಗುರುತು. ಪೂರ್ತಿ ಎಂಟು ಅಂಕ. ಅವನ ಎದೆ ಹಗುರಾಯಿತು, ಹಗುರಾದದ್ದಕ್ಕೆ ಅವನು ಹಲ್ಲು ಕಚ್ಚಿದ.

ಕೊನೆಗೆ ಗುಂಡಿ ಬಟ್ಟೆ ಬಂತು. ಹೊಸಬಳು ಅದನ್ನು ಅಮ್ಮನ ಮಡಿಲಲ್ಲಿ ಹಾಸಿ ವಾಚು ನೋಡಿದಳು. ಅಮ್ಮನ ಬೆರಳು ಬಟ್ಟೆಯ ಅಂಚಿಗೆ ಹೋಯಿತು, ಮೊದಲ ಗುಂಡಿಯನ್ನು ಮುಟ್ಟಿತು. ಬೆರಳು ಅಲ್ಲೇ ನಿಂತಿತು. ಎರಡು ನಿಮಿಷ ಅಲ್ಲೇ ಇತ್ತು. ಅಮ್ಮ ಗೊರಕೆ ಹೊಡೆಯುತ್ತಿದ್ದಳು.

ಹೊಸಬಳು ಬಾಗಿಲು ತೆರೆದಳು. “ಬನ್ನಿ ಸಾರ್. ಅರವತ್ತಾರು.” ಅವಳ ಮುಖದಲ್ಲಿ ನಿಜವಾದ ಸಂತೋಷವಿತ್ತು. “ಮನೆಯವರ ಸೈನು ಒಂದು ಬೇಕು.”

ಇನ್ನೊಂದು ವರ್ಷ. ಹೆಂಡತಿಗೆ ಫೋನು ಮಾಡಬೇಕು. ಅವಳು ಏನೂ ಅನ್ನುವುದಿಲ್ಲ, ಸರಿ ಅನ್ನುತ್ತಾಳೆ, ಸಂಜೆ ಎದುರುಬದುರು ಕೂತು ಊಟ ಮಾಡುತ್ತಾರೆ. ಅಷ್ಟೇ ಸಾಕಾಗಿತ್ತು ಅವನಿಗೆ. ಅವನು ಅಮ್ಮನ ಎದುರಿನ ಚಿಕ್ಕ ಮೇಜಿನ ಮೇಲೆ ಬಗ್ಗಿ ಸೈನು ಮಾಡಿದ. ಬಗ್ಗಿದಾಗ ಅವನ ಎದೆ ಅಮ್ಮನ ಕಣ್ಣಿಗೆ ನೇರವಾಯಿತು.

ಅಮ್ಮ ಎಚ್ಚರಾದಳು.

“ಯಾರೇ ಇದನ್ನ ಹಾಕಿದ್ದು?”

ಅವನು ತಲೆ ಎತ್ತುವಷ್ಟರಲ್ಲಿ ಅವಳು ಎದ್ದು ನಿಂತಿದ್ದಳು. ಕುರ್ಚಿಯ ಕೈ ಹಿಡಿಯಲಿಲ್ಲ, ಮೊಣಕಾಲಿಗೆ ಕೈ ಊರಲಿಲ್ಲ. ಮೇಜನ್ನು ಬಳಸಿಕೊಂಡು ಮೂರು ಹೆಜ್ಜೆ ನಡೆದು ಬಂದು ಅವನ ಶರ್ಟಿನ ಎರಡೂ ಅಂಚನ್ನು ಕೈಗೆ ತೆಗೆದುಕೊಂಡಳು.

“ಒಂದು ಕಾಜ ಬಿಟ್ಟು ಹಾಕಿದ್ದೀಯಲ್ಲ. ಮೇಲಿಂದ ಕೆಳಗಿನ ತನಕ ತಪ್ಪು. ಕಣ್ಣು ಎಲ್ಲಿಟ್ಟಿದ್ದೆ?”

ಆಗ ಅವನೂ ನೋಡಿಕೊಂಡ. ಎಡ ಅಂಚು ಕೆಳಗೆ ಅರ್ಧ ಗೇಣು ಜೋತಿತ್ತು, ಬಲ ಅಂಚು ಕತ್ತಿನ ಕಡೆ ಏರಿ ಕೂತಿತ್ತು. ಬೆಳಗಿನಿಂದ ಹಾಗೇ ತಿರುಗಿದ್ದ. ರೈಲಿನ ಗಾರ್ಡು ನೋಡಿದ್ದ, ಅವನ ಮಗಳು ನೋಡಿದ್ದಳು, ದೊಡ್ಡಕ್ಕ ನೋಡಿದ್ದಳೋ ಏನೋ. ಹೊಸಬಳು ಬಾಗಿಲಲ್ಲಿ ಅನುಮಾನಿಸಿದ್ದು ಇದಕ್ಕೇ. ಮಾರ್ಕು ಸಾಹೇಬರಿಗೆ ಹೇಳುವವರು ಯಾರು?

“ಬಿಡಮ್ಮ,” ಎಂದ.

“ಅಲ್ಲಾಡಬೇಡ.”

ಬೆರಳುಗಳು ಕೆಳಗಿನಿಂದ ಬಿಚ್ಚುತ್ತಾ ಬಂದವು. ಒಂದೊಂದಕ್ಕೆ ಒಂದು ಸೆಕೆಂಡೂ ಹಿಡಿಯಲಿಲ್ಲ. ಕೈ ತಳ್ಳಬಹುದಾಗಿತ್ತು. ಒಂದು ಹೆಜ್ಜೆ ಹಿಂದೆ ಸರಿದಿದ್ದರೂ ಸಾಕಾಗಿತ್ತು. ಅರವತ್ತಾರು ಅರವತ್ತಾರಾಗಿಯೇ ಉಳಿಯುತ್ತಿತ್ತು. ಅವನು ಸರಿಯಲಿಲ್ಲ. ಮೂರು ವರ್ಷದಿಂದ ಅಮ್ಮ ಅವನನ್ನು ಮುಟ್ಟಿರಲಿಲ್ಲ. ಆರು ವರ್ಷದವನಿದ್ದಾಗ ಸ್ಕೂಲಿಗೆ ಹೊರಡುವ ಮುಂಚೆ ಹೀಗೇ ನಿಲ್ಲುತ್ತಿದ್ದ, ಗುಂಡಿ ಕತ್ತಿನ ಹತ್ತಿರ ಬರುವಾಗ ಗಲ್ಲ ಮೇಲೆತ್ತುತ್ತಿದ್ದ. ಈಗಲೂ ಗಲ್ಲ ತಾನಾಗಿಯೇ ಮೇಲೆದ್ದಿತು. ಅವನ ಕಣ್ಣು ತುಂಬಿಕೊಂಡಿತು. ನನ್ನ ಗುರುತು ಸಿಕ್ಕಿತು ಇವಳಿಗೆ, ಅಂದುಕೊಂಡ.

ಅಮ್ಮ ಅಂಚಿಗೆ ಅಂಚು ಕೂಡಿಸಿ ಹಾಕುತ್ತಾ ಮೇಲೆ ಬಂದಳು. ಕಟ್ಟಕಡೆಯ ಕಾಲರು ಗುಂಡಿಯನ್ನೂ ಬಿಡಲಿಲ್ಲ. ಅದನ್ನು ಅವನು ಯಾವತ್ತೂ ಹಾಕುತ್ತಿರಲಿಲ್ಲ. ಕತ್ತಿನ ಚರ್ಮ ಸೇರಿಸಿ ಬಿಗಿದಳು. ಹೆಬ್ಬೆರಳಿಂದ ಪಟ್ಟಿಯನ್ನು ಉದ್ದಕ್ಕೆ ನೀವಿದಳು. ತೋಳಿನ ಮೇಲಿದ್ದ ಒಂದು ದಾರದ ಎಳೆಯನ್ನು ಕಿತ್ತು ಊದಿದಳು. ಅವನ ಹೆಗಲು ಹಿಡಿದು ಬೆನ್ನು ತಿರುಗಿಸಿ ನೋಡಿದಳು, ಮತ್ತೆ ಎದುರಿಗೆ ತಿರುಗಿಸಿದಳು. ಅವಳ ಕಣ್ಣು ಅವನ ಕಾಲರಿನಿಂದ ಮೇಲಕ್ಕೆ ಬರಲೇ ಇಲ್ಲ.

ಆಮೇಲೆ ಅವನನ್ನು ಪಕ್ಕಕ್ಕೆ ದೂಡಿದಳು, ಆದ ಬಟ್ಟೆಯನ್ನು ಆದದ್ದರ ರಾಶಿಗೆ ಹಾಕುವ ಹಾಗೆ. ಅವನು ಮಂಚದ ಮೇಲೆ ಕುಸಿದು ಕೂತ.

ಅಮ್ಮ ಕುರ್ಚಿಗೆ ಹೋಗಿ ಕೂತು ಖಾಲಿ ಕೈ ಚಾಚಿದಳು.

“ಮುಂದಿನದು.”

ಗಾಡಿಯ ಗಾಲಿ ಕಾರಿಡಾರಿನಲ್ಲಿ ಕಿರುಗುಟ್ಟುತ್ತಾ ದೂರ ಹೋಯಿತು.

“ಸಾರ್,” ಎಂದಳು ಹೊಸಬಳು. ಪೆನ್ನು ಕೈಯಲ್ಲೇ ಇತ್ತು. “ಫಾರಂ ಮುಗಿಸಿದ್ದೆ. ನಿಮ್ಮ ಸೈನೂ ಆಗಿದೆ.”

“ಹೂಂ.”

“ಆದ್ರೆ ಟೈಮು ಮೂರರಿಂದ ನಾಲ್ಕು ಅಂತ ಬರ್ದಿದೆ. ಈಗಿನ್ನೂ ಮೂರೂ ಐವತ್ತು.”

ಅವನು ಮನಸ್ಸಿನಲ್ಲೇ ಕಳೆದ. ಗುಂಡಿಯ ನಾಲ್ಕು, ಎದ್ದು ನಿಲ್ಲುವ ಏಳು, ನಡೆಯುವ ಎಂಟನೆಯ ಪ್ರಶ್ನೆ, ಮೂರೂ ಹೋದರೆ ನಲವತ್ತೆರಡು. ಗಾರ್ಡಿಗಿಂತ ಒಂದೇ ಒಂದು ಹೆಚ್ಚು.

“ನೀವೇ ಹೇಳಿಕೊಟ್ಟಿದ್ದು ಸಾರ್,” ಎಂದಳು ಹೊಸಬಳು. ಅವಳ ಧ್ವನಿ ಅಳುವ ಹಾಗಿತ್ತು. “ನೀವೇ ಹೇಳಿ. ಬರೀಲಾ, ಬಿಡ್ಲಾ?”

ಹೇಳಬೇಕೆಂದು ಬಾಯಿ ತೆರೆದ. ಕಾಲರು ಗಂಟಲನ್ನು ಒತ್ತಿ ಹಿಡಿದಿತ್ತು. ಎರಡೂ ಕೈ ಕತ್ತಿಗೆ ಹೋದವು. ಗುಂಡಿ ಸಿಕ್ಕಿತು. ಬೆರಳು ಬೆವರಿ ಜಾರಿತು. ಮತ್ತೆ ಹಿಡಿದ. ಉಗುರಿನಿಂದ ಕಾಜದ ಅಂಚನ್ನು ಎಬ್ಬಿಸಲು ನೋಡಿದ, ಆಗಲಿಲ್ಲ. ಬೆರಳುಗಳು ಒಂದರ ಮೇಲೊಂದು ಎಡವಿದವು.

“ಮುಂದಿನದು ಕೊಡ್ರೇ,” ಎಂದಳು ಅಮ್ಮ, ಕೈ ಚಾಚಿಕೊಂಡೇ.

ಹೊಸಬಳು ಅವನ ಮುಖ ನೋಡಲಿಲ್ಲ. ಕತ್ತಿನ ಹತ್ತಿರ ತಡಕಾಡುತ್ತಿದ್ದ ಅವನ ಕೈಗಳನ್ನೇ ನೋಡುತ್ತಾ ನಿಂತಿದ್ದಳು. ಒಮ್ಮೆ, ರೂಢಿಯಿಂದ, ವಾಚಿನ ಕಡೆಗೂ ಕಣ್ಣು ಹಾಯಿಸಿದಳು.